ವಿಂಡ್‌ಶೀಲ್ಡ್ ಮೇಲೆ ಬಿಳಿ ಉಂಗುರ, ಮಂಕು ಪದರ, ವೈಪರ್ ಗೆರೆ: ಯಾವುದನ್ನು ಯಾವುದರಿಂದ ತೆಗೆಯಬೇಕು?

ಹೆದ್ದಾರಿಹಕ್ಕಿ (ಪ್ರಶ್ನೆ):

ಮುಂದಿನ ಗಾಜಿನ ಹೊರಮೈಯಲ್ಲಿ ಮೂರು ಬಗೆಯ ಕಲೆಗಳಿವೆ. ಒಂದು, ಉಂಗುರದಂಥ ಬಿಳಿ ಚುಕ್ಕೆಗಳು. ನಡುವೆ ತಿಳಿ, ಅಂಚು ದಟ್ಟ. ಎರಡು, ವೈಪರ್ ಓಡಾಡುವ ಜಾಗದಲ್ಲಿ ಮಂಕು ಪದರ. ರಾತ್ರಿ ಎದುರಿನ ಗಾಡಿಯ ಬೆಳಕು ಗಾಜಿನ ತುಂಬ ಹರಡಿ ಕಣ್ಣು ಕುಕ್ಕುತ್ತದೆ. ಮೂರು, ಚಾಲಕನ ಎದುರಿಗೇ ಕಮಾನಿನಂತೆ ಸಣ್ಣ ಗೆರೆಗಳು. ಶಾಂಪೂ, ಮಾಮೂಲಿ ಗ್ಲಾಸ್ ಕ್ಲೀನರ್ ಯಾವುದಕ್ಕೂ ಜಗ್ಗಲಿಲ್ಲ. ನೀರು ಸುರಿದಾಗ ಉಂಗುರಗಳು ಮಾಯ, ಒಣಗಿದ ಮೇಲೆ ಮತ್ತೆ ಹಾಜರು. ಟೂತ್‌ಪೇಸ್ಟ್ ಎನ್ನುವವರಿದ್ದಾರೆ, ಆಸಿಡ್ ಎನ್ನುವವರೂ ಇದ್ದಾರೆ. ಗಾಜು ಕೆಡದ ಹಾಗೆ ಯಾವುದರಿಂದ ಶುರು ಮಾಡಲಿ?

ಗಾಜುಮೈ:

ಮೊದಲು ಮಂಕು ಪದರ ತೆಗೆಯಿರಿ, ಆಮೇಲೆ ಉಂಗುರ. ಉಂಗುರ ಅಂದರೆ ನೀರಿನ ಸುಣ್ಣ; ಜಿಡ್ಡಿನ ಅಡಿಯಲ್ಲಿರುವ ಆ ಸುಣ್ಣಕ್ಕೆ ಆಮ್ಲ ತಾಗುವುದೇ ಇಲ್ಲ. ಬಹಳ ಜನ "ವಿನೆಗರ್ ಕೆಲಸ ಮಾಡಲಿಲ್ಲ" ಎನ್ನುವುದು ಇದೇ ಕಾರಣಕ್ಕೆ.

ಆ ಮಂಕು ಅಂದರೆ ಹೊಗೆಮಸಿ, ಪಾಲಿಶ್‌ನ ಮೇಣ, ವೈಪರ್ ರಬ್ಬರಿನ ಪುಡಿ ಎಲ್ಲ ಸೇರಿದ ಜಿಡ್ಡು. ನೆರಳಿನಲ್ಲಿ, ಗಾಜು ತಣ್ಣಗಿರುವಾಗ ಶಾಂಪೂ ಹಾಕಿ ತೊಳೆದು ಒಣಗಿಸಿ. 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿಕೊಂಡು ಒಂದೊಂದೇ ಅಂಗೈ ಅಗಲದ ಜಾಗ ಒರೆಸಿ. ಬಟ್ಟೆ ಕಪ್ಪಾದ ಕೂಡಲೇ ಮಡಿಕೆ ಬದಲಿಸಿ, ಇಲ್ಲದಿದ್ದರೆ ಅದೇ ಜಿಡ್ಡನ್ನು ಪಕ್ಕಕ್ಕೆ ಹರಡುತ್ತೀರಿ. ಆಮೇಲೆ ನೀರು ಚಿಮುಕಿಸಿ ನೋಡಿ. ನೀರು ಹಾಳೆಯಂತೆ ಒಂದೇ ಸಮ ಹರಡಿದರೆ ಜಿಡ್ಡು ಹೋಗಿದೆ, ಹನಿ ಕಟ್ಟಿದರೆ ಇನ್ನೂ ಇದೆ. (ಮಳೆನೀರು ಜಾರುವ ಕೋಟಿಂಗ್ ಹಾಕಿಸಿದ್ದರೆ ಈ ಪರೀಕ್ಷೆ ನಡೆಯದು.) ವೈಪರ್ ರಬ್ಬರಿನ ಅಂಚನ್ನೂ ಅದೇ ಬಟ್ಟೆಯಿಂದ ಎಳೆದು ಒರೆಸಿ. ಅದನ್ನು ಬಿಟ್ಟರೆ ಎರಡೇ ಸಲ ವೈಪರ್ ಆಡಿಸುವಷ್ಟರಲ್ಲಿ ಮಂಕು ವಾಪಸ್.

ಈಗ ಉಂಗುರ. ಗಡಸು ನೀರು ಬಿಸಿ ಗಾಜಿನ ಮೇಲೆ ಆರಿದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪುಗಳು ಉಳಿಯುತ್ತವೆ. ಹನಿ ಆರುವಾಗ ಅವು ಅಂಚಿಗೆ ಸರಿದು ಕೂರುವುದರಿಂದಲೇ ಉಂಗುರ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ. ಅಥವಾ 1 ಲೀಟರ್ ನೀರಿಗೆ 30 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಹಾಕಿ. ಗಾಜು ಓರೆಯಾಗಿರುವುದರಿಂದ ಸುಮ್ಮನೆ ಸಿಂಪಡಿಸಿದರೆ ಹರಿದುಹೋಗುತ್ತದೆ. ಟಿಶ್ಯೂ ಪೇಪರ್ ಅದ್ದಿ ಕಲೆಯ ಮೇಲೆ ಅಂಟಿಸಿ, 5ರಿಂದ 10 ನಿಮಿಷ ಬಿಡಿ, ಆರಲು ಬಿಡದೆ ಮತ್ತೆ ಸಿಂಪಡಿಸುತ್ತಿರಿ. ತೆಗೆದ ಮೇಲೆ ಮೆತ್ತಗೆ ಉಜ್ಜಿ ಧಾರಾಳ ನೀರಿನಲ್ಲಿ ತೊಳೆಯಿರಿ. ಬಾನೆಟ್ ಮೇಲೆ, ಕ್ರೋಮ್ ಮತ್ತು ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಒದ್ದೆ ಟವೆಲ್ ಹಾಸಿರಿ.

ಪಾಲಿಶ್‌ಪ್ಯಾಡ್:

ಮೇಲಿನ ಉತ್ತರ ಸರಿಯಾಗಿದೆ, ಎರಡು ಎಚ್ಚರಿಕೆ ಸೇರಿಸುತ್ತೇನೆ.

"ಗ್ಲಾಸ್ ಸ್ಟೇನ್ ರಿಮೂವರ್" ಎಂದು ಸಿಗುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಕಲೆ ಕ್ಷಣದಲ್ಲಿ ಮಾಯವಾಗುವುದು ನಿಜ, ಏಕೆಂದರೆ ಅದು ಗಾಜನ್ನೇ ಕರಗಿಸುತ್ತದೆ. ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಗಾಜು ಹಾಲಿನಂತೆ ಮಂಜಾಗುತ್ತದೆ, ಅದಕ್ಕೆ ಪರಿಹಾರವಿಲ್ಲ. ಚರ್ಮಕ್ಕೆ ತಾಗಿದರೆ ಮೊದಲು ಉರಿ ಸಹ ಗೊತ್ತಾಗದೆ ಒಳಗೆ ಇಳಿದು ಮೂಳೆಯವರೆಗೂ ಹಾನಿ ಮಾಡಬಲ್ಲದು. ಲೇಬಲ್‌ನಲ್ಲಿ "ಫ್ಲೋರೈಡ್" ಎಂದು ಕಂಡರೆ ದಯವಿಟ್ಟು ಮುಟ್ಟಬೇಡಿ.

ಟೂತ್‌ಪೇಸ್ಟ್‌ನಿಂದ ಗಾಜಿಗೆ ದೊಡ್ಡ ಹಾನಿಯಿಲ್ಲ, ಪ್ರಯೋಜನವೂ ಇಲ್ಲ. ಗಾಜಿನ ಅಂಚಿನ ರಬ್ಬರ್ ಪಟ್ಟಿಯ (ಬೀಡಿಂಗ್) ಸಂದಿಯಲ್ಲಿ ಬಿಳಿಯಾಗಿ ಒಣಗಿ ಕೂರುತ್ತದೆ ಅಷ್ಟೇ.

ಹೆದ್ದಾರಿಹಕ್ಕಿ:

ಎರಡನ್ನೂ ಮಾಡಿದೆ. ಮಂಕು ಪೂರ್ತಿ ಹೋಯಿತು, ನೀರು ಹಾಳೆಯಂತೆ ಹರಡುತ್ತಿದೆ. ಉಂಗುರಗಳಲ್ಲಿ ಮುಕ್ಕಾಲು ಪಾಲು ಹೋದವು. ಉಳಿದವಕ್ಕೆ ಸಿಟ್ರಿಕ್ ಮೂರು ಸಲ ಹಾಕಿದರೂ ಬದಲಾಗಲಿಲ್ಲ. ಕಮಾನಿನ ಗೆರೆಗಳಲ್ಲಿ ಒಂದಕ್ಕೆ ಉಗುರು ಸಿಗುತ್ತದೆ, ಉಳಿದವಕ್ಕೆ ಸಿಗುವುದಿಲ್ಲ.

ಪಾಲಿಶ್‌ಪ್ಯಾಡ್:

ಮೂರು ಸಲಕ್ಕೂ ಬಗ್ಗದಿದ್ದರೆ ಆಮ್ಲ ಸಾಕು ಮಾಡಿ. ಉಳಿದಿರುವುದು ಸಿಲಿಕಾ (ಮರಳಿನಲ್ಲಿರುವಂಥ ಖನಿಜ, ಈ ಆಮ್ಲಗಳಿಗೆ ಕರಗದು) ಇರಬೇಕು, ಇಲ್ಲವೇ ಗಾಜಿನ ಮೈಯೇ ಸವೆದಿರಬೇಕು. ಒದ್ದೆಯಾದಾಗ ಎರಡೂ ಕಾಣುವುದಿಲ್ಲ, ಸಣ್ಣ ತಗ್ಗುದಿಣ್ಣೆಗಳನ್ನು ನೀರು ತುಂಬಿ ಬೆಳಕು ಚದುರದಂತೆ ಮಾಡುತ್ತದೆ. ಹಾಗಾಗಿ ನೀರು ಸುರಿದು ನೋಡಿ ಇವೆರಡನ್ನು ಬೇರೆ ಮಾಡಲಾಗದು. ಬೆರಳ ತುದಿ ಹೇಳುತ್ತದೆ: ಉಬ್ಬು ತಾಗಿದರೆ ಮೇಲೆ ಕೂತ ಪದರ, ನುಣ್ಣಗಿದ್ದರೆ ಸವೆತ.

ಉಬ್ಬಿಗೆ ಮೊದಲು ಕ್ಲೇ ಬಾರ್ (ಅಂಟಿದ ಕೊಳೆಯನ್ನು ಎಳೆದು ತೆಗೆಯುವ ಜೇಡಿಯಂಥ ಉಂಡೆ), ಶಾಂಪೂ ನೀರಿನ ಜಾರುವಿಕೆಯೊಂದಿಗೆ. ಅದಕ್ಕೂ ಬಗ್ಗದಿದ್ದರೆ 0000 ಗ್ರೇಡಿನ, ಅಂದರೆ ಅತಿ ನಯವಾದ ಎಳೆಯ ಸ್ಟೀಲ್ ವುಲ್ (ಉಕ್ಕಿನ ನಾರು).

ನೀಲಿಬಟ್ಟೆ:

ಸ್ಟೀಲ್ ವುಲ್ ಎಂದು ಓದಿದ ತಕ್ಷಣ ಯಾರಾದರೂ ಪಾತ್ರೆ ಉಜ್ಜುವ ತಂತಿಯುಂಡೆ ಹಿಡಿದು ಹೋಗಿಬಿಟ್ಟಾರು! ಅದು ಬೇರೆ, ಗೀರು ಗ್ಯಾರಂಟಿ. ಕೋಟಿಂಗ್ ಇರುವ ಗಾಜಿಗೆ, ಟಿಂಟ್ ಫಿಲ್ಮ್‌ಗೆ, ಹೆಡ್‌ಲೈಟಿನ ಪ್ಲಾಸ್ಟಿಕ್‌ಗೆ 0000 ಕೂಡ ಬೇಡ.

ಪಾಲಿಶ್‌ಪ್ಯಾಡ್:

ಒಪ್ಪುತ್ತೇನೆ. ಆ ನಯವಾದ ಉಕ್ಕಿನ ಎಳೆ ಗಾಜಿಗಿಂತ ಮೆತ್ತಗೆ. ಗೀರುವುದು ನಡುವೆ ಸಿಕ್ಕಿಕೊಂಡ ಮರಳು. ಆದ್ದರಿಂದ ಗಾಜು ತೊಳೆದೇ ಹಚ್ಚಬೇಕು, ಹೊಸ ತುಂಡನ್ನೇ ಬಳಸಬೇಕು, ಮೊದಲು ಮೂಲೆಯಲ್ಲಿ ನೋಡಬೇಕು. ಉದುರಿದ ಎಳೆಗಳನ್ನು ಪೂರ್ತಿ ತೊಳೆಯದಿದ್ದರೆ ಬಾನೆಟ್ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತದೆ.

ಸವೆತಕ್ಕೂ ಉಗುರಿಗೆ ಸಿಗದ ಗೆರೆಗಳಿಗೂ ಸೀರಿಯಂ ಆಕ್ಸೈಡ್ (ಗಾಜನ್ನು ಉಜ್ಜಿ ನಯ ಮಾಡುವ ಪುಡಿ) ಪಾಲಿಶ್. ಪುಡಿಗೆ ನೀರು ಹಾಕಿ ಗಟ್ಟಿ ಮಜ್ಜಿಗೆಯ ಹದಕ್ಕೆ ಕಲಸಿ, ಫೆಲ್ಟ್ ಪ್ಯಾಡ್‌ಗೆ ಹಚ್ಚಿ, ಪಾಲಿಶ್ ಯಂತ್ರವನ್ನು ನಿಮಿಷಕ್ಕೆ 1,000 ಸುತ್ತಿನೊಳಗೆ ಓಡಿಸಿ. ಒಂದು ಸಲಕ್ಕೆ 30 ಸೆಂ.ಮೀ. ಚೌಕ, ಒಂದೆರಡು ನಿಮಿಷ, ಪ್ಯಾಡ್ ಎಲ್ಲೂ ನಿಲ್ಲಬಾರದು. ನೀರು ಸಿಂಪಡಿಸುತ್ತಲೇ ಇರಿ. ಆಗಾಗ ಗಾಜಿಗೆ ಮುಂಗೈ ತಾಗಿಸಿ ನೋಡಿ. ಬಿಸಿ ಎನಿಸಿದರೆ ಯಂತ್ರ ಎತ್ತಿ ತಣಿಯಲು ಬಿಡಿ. ಒಂದೇ ಕಡೆ ಬಿಸಿ ಕೂಡಿದರೆ ಗಾಜು ಬಿರುಕು ಬಿಡುತ್ತದೆ. ಬೀಡಿಂಗ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ, ಒಣಗಿದ ಸೀರಿಯಂ ಅಲ್ಲಿಂದ ಬಿಡುವುದಿಲ್ಲ.

ಉಗುರು ಸಿಗುವ ಆ ಒಂದು ಗೆರೆಯನ್ನು ಬಿಟ್ಟುಬಿಡಿ. ಅಷ್ಟು ಆಳಕ್ಕೆ ಸುತ್ತಲಿನ ಗಾಜನ್ನೂ ಇಳಿಸಬೇಕಾಗುತ್ತದೆ; ಆ ಜಾಗ ಮಸೂರದಂತಾಗಿ ರಸ್ತೆಯೇ ಸೊಟ್ಟಗೆ ಕಾಣುತ್ತದೆ. ಚಾಲಕನ ಕಣ್ಣೆದುರಿಗೆ ಅದು ಗೆರೆಗಿಂತ ಅಪಾಯ. ಕನ್ನಡಿಯ ಹಿಂದೆ ಕ್ಯಾಮೆರಾ ಇದ್ದರೆ ಅದರ ಮುಂದೆಯೂ ಯಂತ್ರ ಹಾಕಬೇಡಿ.

ನೀಲಿಬಟ್ಟೆ:

ಗೆರೆ ಬಂದದ್ದೇ ವೈಪರ್ ರಬ್ಬರಿಗೆ ಸಿಕ್ಕಿದ ಮರಳಿನಿಂದ ಇರಬೇಕು. ಧೂಳು ಕೂತ ಒಣ ಗಾಜಿನ ಮೇಲೆ ವೈಪರ್ ಓಡಿಸಬಾರದು, ಮೊದಲು ನೀರು. ರಬ್ಬರ್ ಗಟ್ಟಿಯಾಗಿದ್ದರೆ, ಅಂಚು ಹರಿದಿದ್ದರೆ, ಪಾಲಿಶ್‌ಗೆ ಮುಂಚೆಯೇ ಬದಲಿಸಿ.

ಒಳಮೈಯನ್ನೂ ಮರೆಯಬೇಡಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಡುವ ಆವಿ ಅಲ್ಲಿ ಎಣ್ಣೆಯಂತೆ ಕೂರುತ್ತದೆ, ರಾತ್ರಿಯ ಬೆಳಕು ಹರಡುವುದಕ್ಕೆ ಅದರ ಪಾಲೂ ಇದೆ. ಒಳಗೆ ಮೇಲಿಂದ ಕೆಳಕ್ಕೆ, ಹೊರಗೆ ಎಡದಿಂದ ಬಲಕ್ಕೆ ಒರೆಸಿ. ಒರೆಸಿದ ಗೆರೆ ಉಳಿದರೆ ಯಾವ ಬದಿಯದು ಎಂದು ಕೂಡಲೇ ತಿಳಿಯುತ್ತದೆ. ಗಾಜಿನ ಅಂಚಿನುದ್ದಕ್ಕೆ ಹಾಲುಬಿಳುಪು ಇದ್ದು ಎರಡೂ ಬದಿ ಒರೆಸಿದರೂ ಹೋಗದಿದ್ದರೆ, ಅದು ಎರಡು ಗಾಜುಗಳ ನಡುವಿನ ಪ್ಲಾಸ್ಟಿಕ್ ಪದರಕ್ಕೆ ತೇವ ಹೊಕ್ಕಿರುವುದು; ಯಾವ ಕ್ಲೀನರೂ ಅಲ್ಲಿಗೆ ಮುಟ್ಟದು.

ಇನ್ನು ವಾಷರ್ ಟ್ಯಾಂಕಿಗೆ ಗಡಸು ನೀರು ತುಂಬಿದ್ದರೆ ಈಗಲೇ ಖಾಲಿ ಮಾಡಿ ಡಿಸ್ಟಿಲ್ಡ್ ವಾಟರ್ ಹಾಕಿ. ಇಲ್ಲದಿದ್ದರೆ ಪ್ರತಿ ಸಲ ಸ್ಪ್ರೇ ಒತ್ತಿದಾಗಲೂ ಅದೇ ಉಂಗುರಗಳನ್ನು ನೀವೇ ಮತ್ತೆ ಕೂರಿಸಿದಂತೆ.