ಲಿಫ್ಟ್‌ಗೂ ಮುಂಚೆ ಆರು ಮೆಟ್ಟಿಲು

ಮನೆ ಮಂದಿ ಗುಂಪು, ಸೋಮವಾರ ರಾತ್ರಿ

ಅಶ್ವಿನಿ (ಫೋಟೊ: ಪತ್ರಿಕೆಯ ತುಣುಕು, ಕಟ್ಟಡಗಳು ಅಂಗವಿಕಲರೂ ಬಳಸುವಂತಿರಬೇಕು ಎಂಬ ಸುಪ್ರೀಂ ಕೋರ್ಟ್ ತೀರ್ಪು, 8 ನವೆಂಬರ್ 2024)
ಹಳೆಯ ಸುದ್ದಿ, ಆದರೂ ಎಲ್ಲರೂ ಓದಿ. ನಿನ್ನೆ ಮದುವೆಯಲ್ಲಿ ದೊಡ್ಡಮ್ಮನನ್ನು ನಾಲ್ಕು ಜನ ವೀಲ್‌ಚೇರ್ ಸಮೇತ ಎತ್ತಿದ್ದು ನೋಡಿದಿರಲ್ಲ. ಆ ಛತ್ರದಲ್ಲಿ ಲಿಫ್ಟ್ ಇತ್ತು. ಅದರ ಹತ್ತಿರ ಹೋಗುವುದಕ್ಕೇ ಆರು ಮೆಟ್ಟಿಲು ಹತ್ತಬೇಕಿತ್ತು.

ವಾಸು ಚಿಕ್ಕಪ್ಪ
ಎತ್ತಿಕೊಂಡು ಹೋಗಲು ನಾವೆಲ್ಲ ಇದ್ದೇವಲ್ಲ ಪುಟ್ಟಿ. ಇದಕ್ಕೆಲ್ಲ ಕೋರ್ಟು, ಸರ್ಕಾರ ಯಾಕೆ? ಜನರಿಗೆ ಮನಸ್ಸಿರಬೇಕು ಅಷ್ಟೆ.

ಪ್ರಶಾಂತ
ಕಟ್ಟುವವರ ಕಷ್ಟವನ್ನೂ ಕೇಳು ಅಶ್ವಿನಿ. ವೀಲ್‌ಚೇರ್ ರ‍್ಯಾಂಪ್ ಅಂದರೆ ಒಂದಕ್ಕೆ ಹನ್ನೆರಡು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ಬೆಂಗಳೂರಲ್ಲಿ ಟಾರಿನ ಮೇಲೆ ಟಾರು ಹಾಕಿ ರಸ್ತೆ ಏರುತ್ತಲೇ ಇದೆ. ಮಳೆ ನೀರು ಒಳಗೆ ಬರಬಾರದು ಅಂತ ನಾವು ಪ್ಲಿಂತ್, ಅಂದರೆ ಕಟ್ಟಡದ ನೆಲಮಟ್ಟ, ಮೂರು ಅಡಿ ಎತ್ತರಿಸುತ್ತೇವೆ. ಆಗ ರ‍್ಯಾಂಪ್ 36 ಅಡಿ. 30x40 ಸೈಟಿನ ಉದ್ದವೇ 40 ಅಡಿ. ಎಲ್ಲಿ ಕಟ್ಟಲಿ?

ಅಶ್ವಿನಿ
ಪ್ರಶಾಂತಣ್ಣ, ಲೆಕ್ಕ ಸರಿ. ಆದರೆ ನಾನು ನಿಮ್ಮ 30x40 ಮನೆಯ ಮಾತಾಡುತ್ತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವುದು ಜನ ಬಂದುಹೋಗುವ ಕಟ್ಟಡಗಳ ಬಗ್ಗೆ. ಸರ್ಕಾರದ್ದಾಗಲಿ, ಖಾಸಗಿಯಾಗಲಿ. ಶಾಲೆ, ಆಸ್ಪತ್ರೆ, ಅಂಗಡಿ, ದೇವಸ್ಥಾನ, ಛತ್ರ. ಆ ಛತ್ರದ ಮುಂದೆ ನಲವತ್ತು ಕಾರು ನಿಲ್ಲುವಷ್ಟು ಜಾಗ ಇತ್ತು. 36 ಅಡಿ ಸಿಗಲಿಲ್ಲವಾ? ಅಲ್ಲಿದ್ದ ರ‍್ಯಾಂಪ್ ಸ್ಕೂಟರ್ ಹತ್ತಿಸಲು ಮಾಡಿದ್ದು. ಕಡಿದಾದ ಇಳಿಜಾರು, ಮೇಲೆ ನುಣುಪು ಗ್ರಾನೈಟ್, ಹಿಡಿಯಲು ಕಂಬಿ ಇಲ್ಲ.

ಲತಾ ಅತ್ತೆ
ಊಟದ ಹಾಲ್ ಕೂಡ ನೆಲಮಾಳಿಗೆಯಲ್ಲಿ. ಪಾಪ, ಅತ್ತಿಗೆಗೆ ತಟ್ಟೆ ಮೇಲಕ್ಕೇ ತಂದುಕೊಟ್ಟರು.

ವಾಸು ಚಿಕ್ಕಪ್ಪ
ಅದೇ ಹೇಳಿದ್ದು. ಎಲ್ಲರೂ ಪ್ರೀತಿಯಿಂದ ನೋಡಿಕೊಂಡರು.

ದೊಡ್ಡಮ್ಮ
ವಾಸು, ಪ್ರೀತಿ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ನಿನ್ನೆ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಅಲ್ಲಿ ಟಾಯ್ಲೆಟ್ ಬಾಗಿಲಲ್ಲಿ ನನ್ನ ಕುರ್ಚಿ ಹಿಡಿಯಲ್ಲ ಅಂತ ಮೊದಲೇ ಗೊತ್ತಿತ್ತು. ಎತ್ತಿದ ಹುಡುಗರಲ್ಲಿ ಇಬ್ಬರ ಹೆಸರೂ ನನಗೆ ಗೊತ್ತಿಲ್ಲ. ಸೀರೆ ಹಿಡಿದುಕೊಳ್ಳಲಾ, ಕುರ್ಚಿ ಹಿಡಿದುಕೊಳ್ಳಲಾ ಎಂದು ತಿಳಿಯಲಿಲ್ಲ.

ವಾಸು ಚಿಕ್ಕಪ್ಪ
ಅತ್ತಿಗೆ, ನೀವು ಹೇಳಲೇ ಇಲ್ಲವಲ್ಲ.

ಅಶ್ವಿನಿ
ಹೇಳುವುದು ದೊಡ್ಡಮ್ಮನ ಕೆಲಸ ಆಗಬಾರದು ಚಿಕ್ಕಪ್ಪ. ನನ್ನ ಜಗಳ ಅದೇ. ಕಾಯ್ದೆಯ 44ನೇ ಸೆಕ್ಷನ್ ಓದಿ. ನಿಯಮದ ಪ್ರಕಾರ ಇಲ್ಲದಿದ್ದರೆ ಪ್ಲಾನ್‌ಗೆ ಅನುಮತಿ ಕೊಡುವ ಹಾಗಿಲ್ಲ. ಕಟ್ಟಿ ಮುಗಿದ ಮೇಲೂ ಸರ್ಟಿಫಿಕೇಟ್ ಕೊಡುವ ಹಾಗಿಲ್ಲ, ಒಳಗೆ ಯಾರೂ ಬರುವ ಹಾಗಿಲ್ಲ. ಹಳೆಯ ಕಟ್ಟಡಗಳಿಗೆ ನಿಯಮ ಬಂದ ದಿನದಿಂದ ಐದು ವರ್ಷ ಟೈಮ್ ಕೊಟ್ಟರು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಅಂದರೆ 2022ರ ಜೂನ್‌ಗೆ ಗಡುವು ಮುಗಿಯಿತು. ಆದರೆ ಕೇಂದ್ರ ಮಾಡಿದ 15ನೇ ನಿಯಮ ಬರೀ ಮಾರ್ಗಸೂಚಿ ತೋರಿಸಿ ಸುಮ್ಮನಾಗಿತ್ತು. 2024ರಲ್ಲಿ ಕೋರ್ಟ್ ಆ ನಿಯಮವನ್ನೇ ತಳ್ಳಿಹಾಕಿತು. ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ, ಪಾಲಿಸದವರಿಗೆ ಸರ್ಟಿಫಿಕೇಟ್ ತಡೆಯಿರಿ, ದಂಡ ಹಾಕಿ ಎಂದಿತು.

ಪ್ರಶಾಂತ
ದಂಡ ಎಷ್ಟು ಗೊತ್ತಾ?

ಅಶ್ವಿನಿ
ಮೊದಲ ಸಲ 10,000 ರೂಪಾಯಿವರೆಗೆ. ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷ.

ಪ್ರಶಾಂತ
ಛತ್ರದ ಹೂವಿನ ಅಲಂಕಾರಕ್ಕೇ ಅದಕ್ಕಿಂತ ಜಾಸ್ತಿ ಆಗುತ್ತೆ. ಹತ್ತು ಸಾವಿರ ಕಟ್ಟಿ ಹಾಗೇ ಇರುತ್ತಾರೆ. ಇನ್ನೊಂದು ಭಯವೂ ಇದೆ. ಹೊಸ ರೂಲ್ ಬಂದರೆ ಹೊಸ ಮಾಮೂಲಿ ಶುರುವಾಗುತ್ತೆ. ನಾನು ದಿನಾ ನೋಡುತ್ತೇನೆ.

ಅಶ್ವಿನಿ
ಅದಕ್ಕೇ ದಂಡಕ್ಕಿಂತ ಓಸಿ, ಅಂದರೆ ಕಟ್ಟಡ ಬಳಸಲು ಕೊಡುವ ಸರ್ಟಿಫಿಕೇಟ್, ಮುಖ್ಯ ಅನ್ನುತ್ತಿದ್ದೇನೆ. 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್, ಓಸಿ ನೋಡದೆ ಕರೆಂಟು, ನೀರಿನ ಸಂಪರ್ಕ ಕೊಡಬೇಡಿ ಎಂದಾಗ ನಿನ್ನ ಗಿರಾಕಿಗಳೆಲ್ಲ ಹೇಗೆ ಓಡಾಡಿದರು ಹೇಳು. ಕಟ್ಟುವವರಿಗೆ ಭಯ ಇರುವುದು ಅಲ್ಲೇ. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಒಡೆಯಲ್ಲ. ಮಾಮೂಲಿ ಬಗ್ಗೆ ನೀನು ಹೇಳಿದ್ದು ನಿಜ. ರ‍್ಯಾಂಪ್, ಟಾಯ್ಲೆಟ್ ಫೋಟೊ, ಅಳತೆ ಎಲ್ಲ ಓಸಿ ಜೊತೆ ಆನ್‌ಲೈನ್‌ನಲ್ಲಿ ಹಾಕಲಿ. ಯಾರು ಬೇಕಾದರೂ ಟೇಪ್ ಹಿಡಿದು ನೋಡಬಹುದು.

ಪ್ರಶಾಂತ
ಹಾಕಿದರೆ ಒಳ್ಳೆಯದೇ. ಹಾಕುತ್ತಾರೆ ಅನ್ನುವ ನಂಬಿಕೆ ನನಗಿಲ್ಲ.

ಲತಾ ಅತ್ತೆ
ಪ್ರಶಾಂತ, ನಾಗರಬಾವಿಯಲ್ಲಿ ನೀನು ಕಟ್ಟುತ್ತಿರುವ ಕ್ಲಿನಿಕ್ ಹೇಗಿದೆ?

ಪ್ರಶಾಂತ
ಪ್ಲಿಂತ್ ಎರಡು ಅಡಿ. ರ‍್ಯಾಂಪ್ ಆರು ಅಡಿ ತೋರಿಸಿದ್ದೇನೆ.

ಅಶ್ವಿನಿ
24 ಬೇಕಲ್ಲಣ್ಣ.

ಪ್ರಶಾಂತ
ಗೊತ್ತು. ಪಕ್ಕದಲ್ಲಿ ಖಾಲಿ ಬಿಟ್ಟ ಸೆಟ್‌ಬ್ಯಾಕ್ ಜಾಗದಲ್ಲಿ ತಿರುಗಿಸಿದರೆ ಬರಬಹುದು. ಡಾಕ್ಟರ್ ಒಪ್ಪಿದರೆ ಒಂದು ಬೈಕ್ ಪಾರ್ಕಿಂಗ್ ಹೋಗುತ್ತೆ. ನಾಳೆ ಕೇಳುತ್ತೇನೆ. ಭರವಸೆ ಕೊಡಲ್ಲ.

ವಾಸು ಚಿಕ್ಕಪ್ಪ
ಭಾನುವಾರ ರಮ್ಯಳ ಮದುವೆಗೆ ಎರಡು ಛತ್ರ ನೋಡಲು ಹೋಗುತ್ತಿದ್ದೇವೆ. ಏನೇನು ನೋಡಬೇಕು ಬರೆದು ಕಳಿಸು ಪುಟ್ಟಿ.

ಅಶ್ವಿನಿ
ಟೇಪ್ ತೆಗೆದುಕೊಂಡು ಹೋಗಿ ಚಿಕ್ಕಪ್ಪ. ಮೊದಲು ಟಾಯ್ಲೆಟ್ ಬಾಗಿಲು ಅಳೆಯಿರಿ. ಮಾರ್ಗಸೂಚಿಯಲ್ಲಿ ಇರುವುದು 900 ಮಿಲಿಮೀಟರ್, ಹತ್ತಿರ ಹತ್ತಿರ ಮೂರು ಅಡಿ.

ದೊಡ್ಡಮ್ಮ
ನನ್ನ ಕುರ್ಚಿ 26 ಇಂಚು. ಅಳೆಯುವಾಗ ಬಾಗಿಲು ಪೂರ್ತಿ ತೆರೆದು ಅಳೆ ವಾಸು.