ರೈನ್ ನದಿ: ಮೇಲಿನ ದೇಶ ಬಿಟ್ಟ ವಿಷಕ್ಕೆ ಕೆಳಗಿನ ದೇಶ ಏನು ಮಾಡಲು ಸಾಧ್ಯ?

ಬಾಸೆಲ್ ಕನ್ನಡತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ನಾವು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದೇವೆ. ಬೇಸಿಗೆಯ ಸಂಜೆ ಇಲ್ಲಿಯ ಜನ ಕೆಲಸ ಮುಗಿಸಿ, ಬಟ್ಟೆ, ಚಪ್ಪಲಿ, ಮೊಬೈಲುಗಳನ್ನೆಲ್ಲ ಮೀನಿನ ಆಕಾರದ ಚೀಲವೊಂದಕ್ಕೆ ತುಂಬಿ, ನೀರು ಹೋಗದಂತೆ ಅದರ ಬಾಯನ್ನು ಏಳೆಂಟು ಸುತ್ತು ಮಡಚಿ ಬಿಗಿದು, ಆ ಚೀಲವನ್ನೇ ಅಪ್ಪಿಕೊಂಡು ರೈನ್ ನದಿಯ ಸೆಳವಿನೊಂದಿಗೆ ತೇಲುತ್ತಾ ಹೋಗುತ್ತಾರೆ. ಕಳೆದ ವಾರ ನನ್ನ ಮಗಳೂ ಮೊದಲ ಸಲ ನೀರಿಗಿಳಿದಳು. ದಡದಲ್ಲಿ ನನ್ನ ಪಕ್ಕ ನಿಂತಿದ್ದ ನೆರೆಮನೆಯ ಅಜ್ಜಿ, 1986ರಲ್ಲಿ ಇದೇ ನೀರು ಕೆಂಪಾಗಿ ಹರಿದದ್ದನ್ನು ಕಣ್ಣಾರೆ ಕಂಡಿದ್ದೆ ಎಂದಾಗ ನನಗೆ ಎದೆ ಝಲ್ಲೆಂದಿತು.

ನದಿ ಇಲ್ಲಿಂದ ಮುಂದೆ ಫ್ರಾನ್ಸ್ ಮತ್ತು ಜರ್ಮನಿಗಳ ಗಡಿಯಾಗಿ ಹರಿದು, ಜರ್ಮನಿಯನ್ನು ಹಾದು ನೆದರ್‌ಲ್ಯಾಂಡ್ಸ್ ಸೇರುತ್ತದೆ. ಮೇಲಿನ ದೇಶದ ಕಾರ್ಖಾನೆಗೆ ನೋಟಿಸು ಕೊಡುವ ಅಧಿಕಾರ ಕೆಳಗಿನ ದೇಶಕ್ಕಿಲ್ಲ. ಹಾಗಿದ್ದೂ ಈ ನದಿ ಮಕ್ಕಳು ಈಜುವಷ್ಟು ಸುಧಾರಿಸಿದ್ದು ಹೇಗೆ? ಯಾರು ಯಾರನ್ನು ಒಪ್ಪಿಸಿದರು? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಜಲರಸಾಯನ (ಉತ್ತರ)

ನಮಸ್ಕಾರ ಮೇಡಂ. ನಾನು ನೆದರ್‌ಲ್ಯಾಂಡ್ಸಿನಲ್ಲಿ ಕುಡಿಯುವ ನೀರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ನೀವು ಬಳಸಿ ಬಿಟ್ಟ ನದಿಯ ನೀರೇ ನಮ್ಮ ನಲ್ಲಿಗಳಿಗೆ ಬರುವುದರಿಂದ ಈ ಪ್ರಶ್ನೆ ನನಗೆ ದಿನನಿತ್ಯದ್ದು.

ಆ ಅಜ್ಜಿ ಹೇಳಿದ್ದು 1986ರ ನವೆಂಬರ್ 1ರ ನಡುರಾತ್ರಿಯ ಘಟನೆ. ಬಾಸೆಲ್ ಪಕ್ಕದ ಶ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಸುಮಾರು 1,350 ಟನ್ ರಾಸಾಯನಿಕಗಳಿದ್ದವು. ಹೆಚ್ಚಿನವು ಕೀಟನಾಶಕಗಳು, ಜೊತೆಗೆ ಪಾದರಸವಿದ್ದ ಶಿಲೀಂಧ್ರನಾಶಕಗಳು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ನದಿಗೆ ವಿಷವನ್ನು ಒಯ್ದದ್ದು ಬೆಂಕಿಯಲ್ಲ, ಬೆಂಕಿ ನಂದಿಸಲು ಸುರಿದ ನೀರು. ಆ ನೀರನ್ನು ತಡೆದು ನಿಲ್ಲಿಸಲು ಅಲ್ಲೊಂದು ತೊಟ್ಟಿ ಇರಲಿಲ್ಲ. ಅದು ಚರಂಡಿಯ ಮೂಲಕ ನೇರವಾಗಿ ರೈನ್ ಸೇರಿತು. ಅಜ್ಜಿ ಕಂಡ ಕೆಂಪು ಗೋದಾಮಿನಲ್ಲಿದ್ದ ಬಣ್ಣದ ಪುಡಿಯದು. ಕೊಂದ ವಿಷಕ್ಕೆ ಬಣ್ಣವಿರಲಿಲ್ಲ. ಸುಮಾರು 400 ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತು ತೇಲಿದವು, ಅವುಗಳ ಸಂಖ್ಯೆ ಒಂದೂವರೆ ಲಕ್ಷವೆಂದು ಅಂದಾಜು. ಕೆಳಗಿನ ಊರುಗಳ ನೀರು ಸರಬರಾಜು ಘಟಕಗಳು ನದಿಯಿಂದ ನೀರೆತ್ತುವುದನ್ನೇ ನಿಲ್ಲಿಸಿದವು. ಕೆಳಗಿನ ದೇಶಗಳಿಗೆ ಅಧಿಕೃತ ಸೂಚನೆ ತಡವಾಗಿ ತಲುಪಿತೆಂಬುದು ವಿಷದಷ್ಟೇ ನೋವಿನ ಮಾತಾಯಿತು.

ಮರುವರ್ಷವೇ ರೈನ್ ದೇಶಗಳ ನಡುವೆ ರೈನ್ ಕ್ರಿಯಾ ಕಾರ್ಯಕ್ರಮ ಒಪ್ಪಿತವಾಯಿತು. ಮುಖ್ಯ ಮಾಲಿನ್ಯಕಾರಕಗಳನ್ನು 1995ರೊಳಗೆ ಅರ್ಧಕ್ಕಿಳಿಸಬೇಕು, 2000ದ ಹೊತ್ತಿಗೆ ಸಾಲ್ಮನ್ ಮೀನು ನದಿಗೆ ಮರಳಬೇಕು ಎಂಬುದು ಗುರಿ. ಸಾಲ್ಮನ್ ಹೆಸರಿಟ್ಟದ್ದು ಬಹಳ ಜಾಣತನದ ಕೆಲಸವೆಂದು ನನ್ನ ಭಾವನೆ. ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದರೆ ಜನಸಾಮಾನ್ಯರಿಗೆ ಏನೂ ಅನ್ನಿಸುವುದಿಲ್ಲ; ಅಜ್ಜ ಹಿಡಿಯುತ್ತಿದ್ದ ಮೀನು ಮರಳಿ ಬಂತೇ ಎಂದು ಯಾರು ಬೇಕಾದರೂ ಕೇಳಬಹುದು. ಆ ಮೀನು 1990ರಲ್ಲಿಯೇ ಉಪನದಿ ಸೀಗ್‌ನಲ್ಲಿ ಕಾಣಿಸಿತು.

ಕಾನೂನು ಓದುಗ (ಉತ್ತರ)

ಜಲರಸಾಯನ ಅವರ ಮಾತಿಗೆ ಹಿಂದಿನ ಕಥೆಯನ್ನು ಸೇರಿಸುತ್ತೇನೆ, ಏಕೆಂದರೆ ಬೆಂಕಿ ಬಿದ್ದ ಮೇಲೆ ಎಲ್ಲರೂ ಒಮ್ಮೆಲೇ ಎಚ್ಚೆತ್ತರೆಂದು ತಿಳಿದರೆ ತಪ್ಪಾಗುತ್ತದೆ. ನದಿಯ ರಕ್ಷಣೆಗಾಗಿ ಅಂತರರಾಷ್ಟ್ರೀಯ ಆಯೋಗ ಹುಟ್ಟಿದ್ದು 1950ರಲ್ಲಿ, ನಿಮ್ಮ ಬಾಸೆಲ್‌ನಲ್ಲಿಯೇ. ಈಗ ಅದರ ಕಚೇರಿ ಜರ್ಮನಿಯ ಕೋಬ್ಲೆನ್ಸ್‌ನಲ್ಲಿದೆ. ಕಾರ್ಯದರ್ಶಿ ಸ್ಥಾನಕ್ಕೆ ಡಚ್ಚರನ್ನೇ, ಅಂದರೆ ನೆದರ್‌ಲ್ಯಾಂಡ್ಸಿನವರನ್ನೇ ನೇಮಿಸುವುದು ರೂಢಿ. ಎಲ್ಲರಿಗಿಂತ ಕೆಳಗಿರುವವನಿಗೇ ನದಿಯ ಚಿಂತೆ ಹೆಚ್ಚು ಎಂಬ ತಿಳಿವಳಿಕೆ ಅದರ ಹಿಂದಿದೆ.

ಕಾನೂನಿನ ದೊಡ್ಡ ಹೆಜ್ಜೆ ಇಟ್ಟವರು ಸಸಿ ಬೆಳೆಸುವವರು. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಪೊಟ್ಯಾಶ್ (ಗೊಬ್ಬರಕ್ಕೆ ಬಳಸುವ ಖನಿಜ) ಗಣಿಗಳು ಉಳಿಕೆಯ ಉಪ್ಪನ್ನು ರೈನಿಗೆ ಸುರಿಯುತ್ತಿದ್ದವು. ಆ ನೀರು ಹಾಯಿಸಿದ ಸಸಿಗಳಿಗೆ ಹಾನಿಯಾಗುತ್ತಿದೆಯೆಂದು ಡಚ್ ಸಸ್ಯೋದ್ಯಾನವೊಂದು ರೋಟರ್‌ಡ್ಯಾಂ ನ್ಯಾಯಾಲಯದಲ್ಲಿ ದಾವೆ ಹೂಡಿತು. ಉಪ್ಪು ಸುರಿದದ್ದು ಫ್ರಾನ್ಸಿನಲ್ಲಿ, ಬೆಳೆ ಕೆಟ್ಟದ್ದು ನೆದರ್‌ಲ್ಯಾಂಡ್ಸಿನಲ್ಲಿ. ದಾವೆ ಎಲ್ಲಿ ನಡೆಯಬೇಕು? ಹಾನಿಗೆ ಕಾರಣವಾದ ಕೃತ್ಯ ನಡೆದಲ್ಲಿಯೂ ಹೂಡಬಹುದು, ಹಾನಿಯಾದಲ್ಲಿಯೂ ಹೂಡಬಹುದು, ಆಯ್ಕೆ ನೊಂದವನದು ಎಂದು ಯುರೋಪಿಯನ್ ನ್ಯಾಯಾಲಯ 1976ರಲ್ಲಿ ತೀರ್ಪಿತ್ತಿತು. ಕೆಳಗಿನ ದೇಶದ ಬೆಳೆಗಾರನೊಬ್ಬ ತನ್ನ ಊರಿನ ನ್ಯಾಯಾಲಯದಲ್ಲಿಯೇ ಮೇಲಿನ ದೇಶದ ಗಣಿಯನ್ನು ಪ್ರಶ್ನಿಸಬಹುದಾಯಿತು.

ಅದೇ ವರ್ಷ ಸರ್ಕಾರಗಳು ಉಪ್ಪಿನ ಒಪ್ಪಂದಕ್ಕೂ ಸಹಿ ಹಾಕಿದವು. ಉಪ್ಪು ತಗ್ಗಿಸುವ ಖರ್ಚಿನಲ್ಲಿ ಫ್ರಾನ್ಸ್ ಮತ್ತು ಜರ್ಮನಿ ತಲಾ ಶೇ. 30, ಸ್ವಿಟ್ಜರ್ಲೆಂಡ್ ಶೇ. 6, ನೆದರ್‌ಲ್ಯಾಂಡ್ಸ್ ಶೇ. 34 ಭರಿಸಬೇಕೆಂದು ಗೊತ್ತಾಯಿತು.

ಹರಿಹರದವನು (ಉತ್ತರ)

ಇದನ್ನು ನಾನು ಒಪ್ಪಲಾರೆ. ತುಂಗಭದ್ರೆಯ ದಡದಲ್ಲಿ ಬೆಳೆದವನು ನಾನು. ಬೆಳಗ್ಗೆ ನೀರಿಗೆ ಹೋದ ತಾಯಿ, ಹೊಳೆಯ ಅಂಚಿಗೆ ಹೊಟ್ಟೆ ಮೇಲಾಗಿ ಬಿದ್ದ ಮೀನುಗಳನ್ನು ಕಂಡು ಖಾಲಿ ಕೊಡದೊಂದಿಗೆ ಹಿಂದಿರುಗಿದ್ದನ್ನು ನೋಡಿದ್ದೇನೆ. ಆಗ ಯಾರಾದರೂ ಬಂದು, "ಕಾರ್ಖಾನೆ ನೀರು ಶುದ್ಧ ಮಾಡಬೇಕಾದರೆ ನೀವೂ ಮೂರನೆಯ ಒಂದು ಪಾಲು ಹಣ ಕೊಡಿ" ಎಂದಿದ್ದರೆ ನಮ್ಮೂರಿನವರಿಗೆ ಹೇಗಾಗುತ್ತಿತ್ತು? ಕೆಡಿಸಿದವನು ಕಟ್ಟಬೇಕು. ಕೆಟ್ಟದ್ದನ್ನು ಕುಡಿದವನು ಎಲ್ಲರಿಗಿಂತ ಹೆಚ್ಚು ಕಟ್ಟುವುದು ಯಾವ ನ್ಯಾಯ?

ಕಾನೂನು ಓದುಗ (ಉತ್ತರ)

ಅಣ್ಣಾ, ನಿಮ್ಮ ಸಿಟ್ಟು ಸರಿಯಾದದ್ದು. ಡಚ್ಚರಲ್ಲಿಯೂ ಹಲವರು ಹೀಗೆಯೇ ಕೇಳಿದರು. ಹಣ ಹಂಚಿಕೊಂಡ ಮೇಲೂ ಕೆಲಸ ಸುಲಭವಾಗಲಿಲ್ಲ. ಉಪ್ಪುನೀರನ್ನು ನೆಲದಾಳಕ್ಕೆ ಇಳಿಸುವ ಯೋಜನೆಗೆ ಅಲ್ಸಾಸ್‌ನ ಜನ ತಮ್ಮ ಅಂತರ್ಜಲ ಕೆಡುತ್ತದೆಂದು ವಿರೋಧಿಸಿದರು, ಒಪ್ಪಂದ ಜಾರಿಗೆ ಬರುವಷ್ಟರಲ್ಲಿ 1985 ಆಗಿತ್ತು. ಕೊನೆಗೆ 1991ರ ಪೂರಕ ಒಪ್ಪಂದದಂತೆ, ನದಿಯಲ್ಲಿ ಉಪ್ಪು ಹೆಚ್ಚಾದಾಗ ಗಣಿಯ ಉಪ್ಪನ್ನು ದಡದಲ್ಲಿ ಕೂಡಿಟ್ಟು, ನೀರು ತುಂಬಿ ಹರಿಯುವಾಗ ಬಿಡುವ ಪದ್ಧತಿ ಬಂತು. ಒಡಂಬಡಿಕೆಯಷ್ಟೇ ಗೆದ್ದಿತೆನ್ನಲಾಗದು, ಗಣಿಗಳು ಬರಿದಾಗಿ 2002ರಲ್ಲಿ ಮುಚ್ಚಿದ್ದೂ ಉಪ್ಪು ನಿಲ್ಲಲು ಕಾರಣ.

ಆದರೆ ರೋಟರ್‌ಡ್ಯಾಂ ಬಂದರಿನ ದಾರಿ ನಿಮಗೆ ಒಪ್ಪಿಗೆಯಾಗಬಹುದು. ನದಿ ಹೊತ್ತು ತಂದ ಹೂಳಿನಲ್ಲಿ ಭಾರಲೋಹಗಳು ಎಷ್ಟಿದ್ದವೆಂದರೆ, ಬಂದರಿನಿಂದ ತೆಗೆದ ಹೂಳನ್ನು ಸಮುದ್ರಕ್ಕೆ ಹಾಕುವಂತಿರಲಿಲ್ಲ. 1980ರ ದಶಕದಲ್ಲಿ ಆ ನಗರ ನದಿಯ ಮೇಲಕ್ಕೆ ತಂಡಗಳನ್ನು ಕಳಿಸಿ, ಯಾವ ಕೊಳವೆಯಿಂದ ಯಾವ ಲೋಹ ಎಷ್ಟು ಬರುತ್ತಿದೆಯೆಂದು ಅಳೆಸಿತು. ಲೆಕ್ಕವನ್ನು ಕೈಯಲ್ಲಿ ಹಿಡಿದು ಒಂದೊಂದೇ ಉದ್ಯಮದೊಂದಿಗೆ ಮಾತಿಗೆ ಕೂತಿತು. ತಗ್ಗಿಸದಿದ್ದರೆ ದಾವೆ ಹೂಡುತ್ತೇವೆಂಬ ಮಾತೂ ಅಲ್ಲಿತ್ತು. ಅಲ್ಸಾಸ್ ಗಣಿಯ ತೀರ್ಪು ಇದ್ದುದರಿಂದ ಆ ಮಾತನ್ನು ಯಾರೂ ಹಗುರವಾಗಿ ಕಾಣುವಂತಿರಲಿಲ್ಲ. ಬಹಳಷ್ಟು ಉದ್ಯಮಗಳು ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಒಪ್ಪಿಕೊಂಡವು. ಕೆಳಗಿನವನ ಬಲವಿರುವುದು ಅಳತೆಯಲ್ಲಿ ಎಂದು ನಾನು ನಂಬಿದ್ದೇನೆ. ಯಾರದೆಂದು ಗೊತ್ತಿಲ್ಲದ ವಿಷಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಬಾಸೆಲ್ ಕನ್ನಡತಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಹರಿಹರದ ಅಣ್ಣನವರ ಮಾತು ಓದಿ ಮನಸ್ಸು ಭಾರವಾಯಿತು. ಒಂದು ಸಂದೇಹ ಉಳಿದಿದೆ. ಈಗ ಮತ್ತೆ ಏನಾದರೂ ನದಿಗೆ ಸೇರಿದರೆ ಕೆಳಗಿನವರಿಗೆ ತಕ್ಷಣ ತಿಳಿಯುತ್ತದೆಯೇ?

ಜಲರಸಾಯನ (ಉತ್ತರ)

ಬಹುಮಟ್ಟಿಗೆ ತಿಳಿಯುತ್ತದೆ ಮೇಡಂ. ನಿಮ್ಮೂರಿನ ಕೆಳಗೆ, ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ಎರಡೂ ದೇಶಗಳು ಸೇರಿ ನಡೆಸುವ ನಿಗಾ ಕೇಂದ್ರವಿದೆ. ಒಂದು ದಡಕ್ಕೆ ಅಂಟಿಕೊಂಡು ಹರಿಯುವ ಮಾಲಿನ್ಯ ತಪ್ಪಿಸಿಕೊಳ್ಳಬಾರದೆಂದು ಅಲ್ಲಿ ನದಿಯ ಅಗಲಕ್ಕೂ ಐದು ಕಡೆಯಿಂದ ನೀರು ತೆಗೆಯುತ್ತಾರೆ. ನಮ್ಮ ಗಡಿಯ ಲೋಬಿತ್‌ನಲ್ಲಿ ಯಂತ್ರಗಳ ಜೊತೆಗೆ ಡ್ಯಾಫ್ನಿಯಾ ಎಂಬ, ಚುಕ್ಕೆಯಷ್ಟೇ ಕಾಣುವ ಜಲಜೀವಿಗಳನ್ನೂ ನದಿಯ ನೀರಿನಲ್ಲಿಟ್ಟು ಅವುಗಳ ಚಲನೆಯನ್ನು ಗಮನಿಸುವ ಪದ್ಧತಿ ಬಂತು. ನಾವು ಹುಡುಕಲು ಗೊತ್ತಿರದ ವಿಷವೂ ಅವಕ್ಕೆ ತಟ್ಟುತ್ತದೆ. ಸುದ್ದಿ ಬಂದೊಡನೆ, ಆ ನೀರು ಯಾವ ದಿನ ಯಾವ ಊರು ತಲುಪುತ್ತದೆಂದು ಲೆಕ್ಕ ಹಾಕಿ ಎಲ್ಲರಿಗೂ ತಿಳಿಸಲಾಗುತ್ತದೆ. ಬಾಸೆಲ್‌ನಿಂದ ಇಲ್ಲಿಗೆ ಸುಮಾರು ಒಂದು ವಾರ, ನೀರೆತ್ತುವ ಬಾಗಿಲು ಮುಚ್ಚಲು ಅಷ್ಟು ಸಮಯ ಸಾಕು.

ನನ್ನ ಆತಂಕ ಬೇರೆ. ಅಪಘಾತವಿಲ್ಲದೆ, ಅನುಮತಿ ಪಡೆದೇ ದಿನವೂ ಬರುವ ಔಷಧಿಗಳ ಉಳಿಕೆ ಮತ್ತು ಬೇಗ ಕೊಳೆತು ನಾಶವಾಗದ ಪಿಎಫ್‌ಎಎಸ್ ರಾಸಾಯನಿಕಗಳಿಗೆ ಯಾವ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಕೆಳಗಿನವರೆಲ್ಲ ನಿರ್ದೋಷಿಗಳೆಂದೂ ಅಲ್ಲ: 2015ರಲ್ಲಿ ಪಕ್ಕದ ಮಾಸ್ ನದಿಗೆ ಪೈರಜೋಲ್ ಎಂಬ ಕೈಗಾರಿಕಾ ರಾಸಾಯನಿಕ ಸೇರಿ ತಿಂಗಳುಗಟ್ಟಲೆ ನೀರೆತ್ತುವುದು ನಿಂತಾಗ, ಅದು ಬಂದದ್ದು ನೆದರ್‌ಲ್ಯಾಂಡ್ಸಿನದೇ ಉದ್ಯಮ ಪ್ರದೇಶದಿಂದ. ಔಷಧಿಗಳ ಉಳಿಕೆಯಂಥ ಸೂಕ್ಷ್ಮ ಮಾಲಿನ್ಯವನ್ನು 2040ರೊಳಗೆ ಕನಿಷ್ಠ ಶೇ. 30 ತಗ್ಗಿಸಲು ರೈನ್ ದೇಶಗಳು ಈಗ ಒಪ್ಪಿವೆ. ನಿಮ್ಮ ಸ್ವಿಟ್ಜರ್ಲೆಂಡಿನಲ್ಲಿ ತಲೆಗೆ ವರ್ಷಕ್ಕೆ 9 ಫ್ರಾಂಕ್‌ವರೆಗೆ ಸಂಗ್ರಹಿಸಿ, ಕೊಳಚೆ ನೀರನ್ನು ಓಜೋನ್ ಇಲ್ಲವೇ ಇದ್ದಿಲಿನ ಪುಡಿಯಿಂದ ಮತ್ತೊಮ್ಮೆ ಶುದ್ಧಗೊಳಿಸುವ ಘಟಕಗಳನ್ನು ಕಟ್ಟುತ್ತಿದ್ದಾರೆ. ನಮ್ಮ ಪಾಲಿಗೆ ಅದು ಬಹಳ ದೊಡ್ಡ ಉಪಕಾರ.

ಮಗಳನ್ನು ಧೈರ್ಯವಾಗಿ ಈಜಲು ಬಿಡಿ. ಜೋರು ಮಳೆ ಸುರಿದ ಮರುದಿನ ಮಾತ್ರ ಬೇಡ, ಆಗ ಚರಂಡಿಗಳು ಉಕ್ಕಿ ನದಿಗೆ ಸೇರಿರುತ್ತವೆ.