ತೊಗರಿಯನ್ನು ಈಗಲೇ ಮಾರಬೇಕೇ, ಕಾಯಬೇಕೇ? ಬೆಳೆಗಾರರ ಅನುಭವಗಳು

ಕೇಳಿದವರು, ಕಲಬುರಗಿ ಜಿಲ್ಲೆ: 2025ರ ಡಿಸೆಂಬರ್ ಕೊನೆಗೆ ನಮ್ಮ ತೊಗರಿಯ ರಾಶಿ ಮುಗಿಯಲಿದೆ. 2025-26ಕ್ಕೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಕೆಳಗಿದೆ. ಅಡತಿ (ದಲ್ಲಾಳಿ) ಅಂಗಡಿಗೆ ಹಾಕುವುದೋ, ಬೆಂಬಲ ಬೆಲೆಗೆ ಕೊಳ್ಳುವ ಸರ್ಕಾರಿ ಖರೀದಿ ಕೇಂದ್ರಕ್ಕೆ ಕಾಯುವುದೋ, ಗೋದಾಮಿನಲ್ಲಿಟ್ಟು ಸಾಲ ಪಡೆಯುವುದೋ ತಿಳಿಯದಾಗಿದೆ. ಅನುಭವವಿರುವವರು ದಯವಿಟ್ಟು ತಿಳಿಸಿರಿ.

ಜೇವರ್ಗಿ ಕಡೆಯ ಬೆಳೆಗಾರ: ಮಾರುವ ಯೋಚನೆಗೂ ಮೊದಲು ನಿಮ್ಮ ದಾಖಲೆಗಳನ್ನು ನೋಡಿಕೊಳ್ಳಿರಿ. ರೈತರ ಜಮೀನಿನ ವಿವರ ನೋಂದಾಯಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿರಬೇಕು, ಬೆಳೆ ಸಮೀಕ್ಷೆಯಲ್ಲಿ ತೊಗರಿಯೇ ದಾಖಲಾಗಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಹೊಲದಲ್ಲಿ ತೊಗರಿ ನಿಂತಿದ್ದರೂ ಸಮೀಕ್ಷೆಯಲ್ಲಿ ಹತ್ತಿಯೆಂದು ಬರೆದುಕೊಂಡ ಕಾರಣಕ್ಕೆ ಖರೀದಿ ಕೇಂದ್ರದಲ್ಲಿ ನೋಂದಣಿಯೇ ಆಗದೆ ಹಿಂತಿರುಗಿದ ರೈತರನ್ನು ನಮ್ಮ ಊರಿನಲ್ಲಿಯೇ ಕಂಡಿದ್ದೇನೆ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಹೊಲದ ವಿವರವನ್ನು ನೋಡಬಹುದು. ತಪ್ಪಿದ್ದರೆ ತಡಮಾಡದೆ ಆಕ್ಷೇಪಣೆ ಸಲ್ಲಿಸಬೇಕು. ಒಬ್ಬ ರೈತರಿಂದ ಎಷ್ಟು ಕ್ವಿಂಟಲ್ ಕೊಳ್ಳಬೇಕೆಂಬ ಮಿತಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಇಡೀ ರಾಶಿಯನ್ನು ಖರೀದಿ ಕೇಂದ್ರವೇ ಕೊಳ್ಳುತ್ತದೆಂದು ಭಾವಿಸಿ ಕುಳಿತುಕೊಳ್ಳುವುದು ಸರಿಯಲ್ಲ.

ಆಳಂದ ತಾಲ್ಲೂಕಿನ ಬೆಳೆಗಾರ: ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಕಾಯುವ ವಿಷಯದಲ್ಲಿ ಕೆಲವು ಮಾತು ಸೇರಿಸುತ್ತೇನೆ. 2024ರಲ್ಲಿ ತಡೆದು ಮಾರಿದವರಿಗೆ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿದ ಬೆಲೆ ಸಿಕ್ಕಿತು. ಅದೇ ನಂಬಿಕೆಯಿಂದ ಮರುವರ್ಷವೂ ಕಾದವರು, 2025ರ ಆರಂಭದಲ್ಲಿ ಧಾರಣೆ ಆಗಿನ ಬೆಂಬಲ ಬೆಲೆಯಾದ 7,550 ರೂಪಾಯಿಗಿಂತಲೂ ಕೆಳಗೆ ಇಳಿದುದನ್ನು ನೋಡಬೇಕಾಯಿತು. ಆಗ ರಾಜ್ಯ ಸರ್ಕಾರ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿ ಖರೀದಿಸಿದ್ದು ನಿಜವಾದರೂ, ಅದು ಸಿಕ್ಕಿದ್ದು ಖರೀದಿ ಕೇಂದ್ರದಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ. ನಮ್ಮ ಧಾರಣೆ ನಮ್ಮ ಜಿಲ್ಲೆಯ ಇಳುವರಿಯೊಂದನ್ನೇ ಅವಲಂಬಿಸಿಲ್ಲ. ತೊಗರಿಯ ಸುಂಕರಹಿತ ಆಮದಿಗೆ 2026ರ ಮಾರ್ಚ್ 31ರವರೆಗೆ ಅವಕಾಶ ನೀಡಲಾಗಿತ್ತು; ಮ್ಯಾನ್ಮಾರ್‌ನ ಹೊಸ ಫಸಲು ನಮ್ಮ ರಾಶಿಯ ಬೆನ್ನಿಗೇ ಪೇಟೆಗೆ ಬರುತ್ತದೆ, ಮೊಜಾಂಬಿಕ್ ಮತ್ತು ತಾಂಜಾನಿಯಾದ ಕಾಳು ಮಳೆಗಾಲದ ನಂತರ ಬರುತ್ತದೆ. ತೊಗರಿಗೆ ಬದಲಾಗಿ ಬಳಸುವ ಅಗ್ಗದ ಹಳದಿ ಬಟಾಣಿಗೆ 2025ರ ನವೆಂಬರ್ 1ರಿಂದ ಶೇ. 30 ಆಮದು ಸುಂಕ ಬಿದ್ದಿರುವುದು ಸಮಾಧಾನದ ಸಂಗತಿಯಾದರೂ, ಅದಕ್ಕೂ ಮೊದಲು ಬಂದಿಳಿದ ದಾಸ್ತಾನು ಕರಗಬೇಕಲ್ಲವೇ? ಆದ್ದರಿಂದ ಮುಂದಿನ ಬಿತ್ತನೆ, ಮಕ್ಕಳ ಶುಲ್ಕ, ಅಡತಿಯ ಕೈಗಡ ಇವುಗಳಿಗೆ ಬೇಕಾದಷ್ಟನ್ನು ಮೊದಲು ಮಾರಿ, ಖರೀದಿ ಕೇಂದ್ರಕ್ಕೆ ಕೊಡುವುದನ್ನು ಬೇರೆಯಾಗಿಟ್ಟು, ಉಳಿದದ್ದನ್ನು ಮಾತ್ರ ತಡೆಹಿಡಿಯಿರಿ ಎಂಬುದು ನನ್ನ ಸಲಹೆ.

ತಡೆಹಿಡಿಯುವುದಾದರೆ ಮನೆಯ ಪಡಸಾಲೆಗಿಂತ ಮಾನ್ಯತೆ ಪಡೆದ ಗೋದಾಮು ಮೇಲು. ಅಲ್ಲಿ ಕೊಡುವ ವಿದ್ಯುನ್ಮಾನ ರಸೀದಿಯನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಕಟಾವಿನ ನಂತರ ಆರು ತಿಂಗಳವರೆಗೆ ಬಡ್ಡಿ ರಿಯಾಯಿತಿಯೂ ಇದೆ. ಆದರೆ ಬಾಡಿಗೆ, ಬಡ್ಡಿ, ಹಮಾಲಿ ಎಲ್ಲವನ್ನೂ ಕೂಡಿಸಿ, ಬೆಲೆ ಎಷ್ಟು ಏರಿದರೆ ನಿಮಗೆ ನಷ್ಟವಾಗದೆಂದು ಚೀಲ ಇಳಿಸುವ ಮೊದಲೇ ಬರೆದಿಟ್ಟುಕೊಳ್ಳಿರಿ. ರಸೀದಿಯಿಲ್ಲದೆ ಪರಿಚಯದ ಮೇಲೆ ಯಾರದೋ ಉಗ್ರಾಣದಲ್ಲಿಡುವುದು ಬೇಡ.

ಬೀದರ್ ಕಡೆಯ ಸಹಕಾರ ಸಂಘದಲ್ಲಿ ಕೆಲಸ ಮಾಡುವವರು: ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 12ನ್ನು ಮೀರಿದರೆ ಕಾಳನ್ನು ತಿರಸ್ಕರಿಸುತ್ತಾರೆ. ರಾಶಿಯಾದ ಕೂಡಲೇ ಚೀಲಕ್ಕೆ ತುಂಬದೆ ಎರಡು-ಮೂರು ದಿನ ಬಿಸಿಲಿಗೆ ಹರಡಿ, ಜರಡಿ ಹಿಡಿದು ಹೊಟ್ಟು, ಮಣ್ಣು ಬೇರ್ಪಡಿಸಿ ತನ್ನಿರಿ. ಹೀಗೆ ಒಣಗಿದ ಕಾಳಿಗೆ ಗೋದಾಮಿನಲ್ಲಿ ಹುಳುವಿನ ಕಾಟವೂ ಕಡಿಮೆ, ಪೇಟೆಗೆ ಒಯ್ದರೂ ದಾಲ್ ಮಿಲ್‌ನವರು ತೂಕದಲ್ಲಿ ಕಡಿತ ಕೇಳಲು ಕಾರಣವಿರುವುದಿಲ್ಲ. ನೋಂದಣಿ ಆರಂಭವಾದ ಮೊದಲ ವಾರದಲ್ಲಿಯೇ ಹೆಸರು ಬರೆಸಿ, ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.